ಹನ್ನೊಂದು ಹಾಜರಿ

ಜೂನ್ 4

ಬಾಲಂಗೋಚಿಗೆ,

ನಿನ್ನ ಕಚೇರಿಯ ಲಕೋಟೆ ನಿನ್ನೆ ಕೈ ಸೇರಿತು. ಅಮ್ಮ ಹೋಗಿ ಹತ್ತು ತಿಂಗಳಾಯಿತು. ಆ ವಾರ ನಾವಿಬ್ಬರೂ ಬಾಯಿಗೆ ಬಂದದ್ದು ಆಡಿಕೊಂಡೆವಲ್ಲ, ಅಲ್ಲಿಂದ ಈಚೆಗೆ ಒಂದು ಫೋನಿಲ್ಲ, ಒಂದು ಕಾಗದವಿಲ್ಲ. ಲಕೋಟೆ ನೋಡಿ, ಕೊನೆಗೂ ತಂಗಿಗೆ ಅಕ್ಕನ ನೆನಪಾಯಿತು ಎಂದು ಹಿಗ್ಗಿದೆ. ಒಡೆದರೆ ಹದಿನಾರು ಪುಟದ ಫಾರಂ. ಮೇಲೆ 'ಮಾನ್ಯರೇ' ಎಂದಿದೆ, ಕೆಳಗೆ ನಿನ್ನ ರುಜು ಅಚ್ಚಾಗಿದೆ. ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಹೊದಿಕೆಯನ್ನು ಎಳೆದಾಡಿದ ಅಕ್ಕನಿಗೆ 'ಮಾನ್ಯರೇ'!

ಎರಡನೇ ಪುಟದಲ್ಲಿ ಬರೆ ಎಳೆದಿದ್ದೀರಿ. 'ವಿಭಾಗ ಖ: ಶಿಶುವಿಹಾರದ ಶಿಕ್ಷಣ ಪಡೆಯದವರು.' ಅದರ ಮುಂದೆ ನನ್ನ ಹೆಸರು, ವಿಳಾಸ, ವಯಸ್ಸು, 'ಎಂಟನೇ ತರಗತಿಗೆ ಶಾಲೆ ಬಿಟ್ಟವರು' ಎಂಬ ಬಿರುದು. ವಿಭಾಗ ಕ ಯಾರದ್ದೆಂದು ಕೇಳಬೇಕಾಗಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಅದು ನಿನ್ನದು.

ನಿನಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಬರೆಯುತ್ತೇನೆ, ಯಾಕೆಂದರೆ ನಿನ್ನ ಹದಿನಾರು ಪುಟದಲ್ಲಿ ಇದಕ್ಕೆ ಜಾಗ ಬಿಟ್ಟಿಲ್ಲ. ನನಗೆ ನಾಲ್ಕೂವರೆ ವರ್ಷವಾಗಿದ್ದಾಗ ನಮ್ಮ ಬೀದಿಯ ಕೊನೆಯಲ್ಲಿ ಶಿಶುವಿಹಾರ ತೆರೆಯಿತು. ಮೂರು ತುಂಬಿದ ಎಲ್ಲ ಮಕ್ಕಳೂ ಬರಬಹುದು, ಶುಲ್ಕವಿಲ್ಲ, ಯಾರ ಶಿಫಾರಸೂ ಬೇಡ ಎಂದು ಪುರಸಭೆಯವರು ಬೀದಿ ಬೀದಿ ಸಾರಿದರು. ಅಮ್ಮ ನನ್ನ ಮುಖ ತೊಳೆದು ಕರೆದುಕೊಂಡು ಹೋದಳಂತೆ. ಹುಟ್ಟಿದ ತಾರೀಖಿನ ಕಾಗದ ಯಾರ ಬಳಿ ಇತ್ತು? ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರಂತೆ. ಮುಟ್ಟಿದರೆ ದೊಡ್ಡ ಶಾಲೆ, ಮುಟ್ಟದಿದ್ದರೆ ಶಿಶುವಿಹಾರ. ನಾನು ಜಾಣತನ ತೋರಿಸಲು ಹೋಗಿ ಕತ್ತು ವಾಲಿಸಿ ಕಿವಿ ಮುಟ್ಟಿಬಿಟ್ಟೆನಂತೆ. ದೊಡ್ಡವಳು ಎಂದು ಶಿಶುವಿಹಾರದವರು ವಾಪಸ್ ಕಳಿಸಿದರು. ದೊಡ್ಡ ಶಾಲೆಯವರು ಕತ್ತು ನೆಟ್ಟಗೆ ಹಿಡಿದು ನೋಡಿ, ಚಿಕ್ಕವಳು ಎಂದು ಕಳಿಸಿದರು. ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂದು ಒಂದೂವರೆ ವರ್ಷ ಅಮ್ಮನ ಇಸ್ತ್ರಿ ಮೇಜಿನ ಕೆಳಗೆ ಕೂತು ಊರವರ ಕರ್ಚೀಫು ಮಡಚಿದೆ. "ನಿನ್ನ ಕತ್ತೇ ನಿನ್ನ ಕೆಡಿಸ್ತು ಕಣೇ" ಎಂದು ಅಮ್ಮ ಎಷ್ಟು ಸಲ ಹೇಳಿದ್ದಾಳೆ! ನನಗೆ ಸ್ವಂತ ನೆನಪಿಲ್ಲ. ಅವಳು ಹೇಳಿ ಹೇಳಿ ನೆನಪಾದದ್ದು. ನಾನು ಕೆಲಸ ಮಾಡುವ ಬುಕ್ ಬೈಂಡಿಂಗ್ ಅಂಗಡಿಯಲ್ಲಿ ನನ್ನನ್ನು 'ನೆಟ್ಟಗತ್ತು' ಎಂದು ರೇಗಿಸುತ್ತಾರೆ. ರಟ್ಟು ಕತ್ತರಿಸುವಾಗಲೂ ನಾನು ಕತ್ತು ವಾಲಿಸುವುದಿಲ್ಲ.

ಮರುವರ್ಷ ನಿನಗೆ ಮೂರು ತುಂಬಿತು. ದಿನಾ ಬೆಳಿಗ್ಗೆ ನಿನ್ನನ್ನು ಶಿಶುವಿಹಾರಕ್ಕೆ ಬಿಟ್ಟು ಬರುವ ಕೆಲಸ ನನ್ನದು. ಬಿಟ್ಟ ಮೇಲೆ ನಾನು ಮನೆಗೆ ಹೋಗುತ್ತಿರಲಿಲ್ಲ. ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದೆ. ಒಳಗೆ ಮರಳು ತುಂಬಿದ ದೊಡ್ಡ ಪೆಟ್ಟಿಗೆ, ಅದರಲ್ಲಿ ಒಂದು ಕೆಂಪು ಬಕೆಟ್. ಆ ಬಕೆಟ್ಟಿನ ತಂತಿಯ ಹಿಡಿ ನನ್ನ ಅಂಗೈಗೆ ಒತ್ತಿದ ಹಾಗೆ ಈಗಲೂ ಅನ್ನಿಸುತ್ತದೆ. ಹೊಟ್ಟೆಕಿಚ್ಚು ಎಂದರೆ ಹಾಗೆ. ಮುಟ್ಟದಿದ್ದದ್ದೂ ಕೈಗೆ ತಾಗುತ್ತದೆ.

ಫಾರಂ ತುಂಬುವುದಿಲ್ಲ. ಅದಕ್ಕೆ ಹೊಲಿಗೆಯೂ ಇಲ್ಲ, ಎರಡು ಪಿನ್ನು ಹೊಡೆದಿದ್ದೀರಿ. ಮೂರನೇ ಪುಟ ಆಗಲೇ ಕಿತ್ತು ಬಂದಿದೆ.

ಹೇಳುವುದು ಮರೆತೆ. ಚಿಟಿಕೆಗೆ ಮೂರೂವರೆ ಆಯಿತು. ಮೊನ್ನೆಯಿಂದ ಅದೇ ಶಿಶುವಿಹಾರಕ್ಕೆ ಹೋಗುತ್ತಿದ್ದಾಳೆ. ನನ್ನ ಮಗಳು ನಿನ್ನ ವಿಭಾಗಕ್ಕೆ ಸೇರಿದಳು.

ಇಂತಿ,
ಮಾನ್ಯರು


ಜೂನ್ 13

ಅಕ್ಕಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಕಚೇರಿಯ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಫಾರಂ ಕಳಿಸಿದ್ದು ನಾನಲ್ಲ, ಕಂಪ್ಯೂಟರು. ಆರುನೂರು ವಿಳಾಸಕ್ಕೆ ಒಟ್ಟಿಗೆ ಹೋಗಿದೆ. ರುಜು ಮಾತ್ರ ನನ್ನದು. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ಕೊನೇಪಕ್ಷ ಅಂಚೆಯವನು ಮಧ್ಯೆ ಇರುತ್ತಾನೆ.

ನಾವು ಮಾಡುತ್ತಿರುವುದು ಇಷ್ಟೆ. ಶಿಶುವಿಹಾರ ಎಲ್ಲರಿಗೂ ತೆರೆದ ಮೊದಲ ವರ್ಷಗಳ ಮಕ್ಕಳು ಒಂದು ಕಡೆ. ಅದೇ ಬೀದಿಗಳಲ್ಲಿ ಸ್ವಲ್ಪ ಮೊದಲು ಹುಟ್ಟಿ ಆ ಅವಕಾಶ ತಪ್ಪಿಹೋದವರು ಇನ್ನೊಂದು ಕಡೆ. ಇವರ ಓದು ಮುಂದೆ ಏನಾಯಿತು ಎಂದು ನೋಡುವುದು. ಹಳೆಯ ಅಂಕಪಟ್ಟಿಗಳನ್ನೆಲ್ಲ ಕೂಡಿಸಿದ್ದೇವೆ. ಒಂದನೇ ತರಗತಿಯಲ್ಲಿ ಶಿಶುವಿಹಾರದವರು ಮುಂದೆ. ಮೂರನೇ ತರಗತಿಗೆ ಬರುವಷ್ಟರಲ್ಲಿ ಆ ಅಂತರ ಕರಗಿಹೋಗಿದೆ. ಓದು, ಲೆಕ್ಕ ಎರಡರಲ್ಲೂ ಇಬ್ಬರೂ ಸಮ. ಇಷ್ಟಕ್ಕೇನಾ ಇಷ್ಟೆಲ್ಲ ಎಂದು ಒಮ್ಮೆ ಶಿಶುವಿಹಾರವನ್ನೇ ಮುಚ್ಚಲು ಹೊರಟಿದ್ದರಂತೆ. ಆದರೆ ಎಂಟನೇ ತರಗತಿಯ ಹೊತ್ತಿಗೆ ಅಂತರ ಮತ್ತೆ ಎದ್ದು ಕೂತಿದೆ. ಅಂಕದಲ್ಲಲ್ಲ. ಯಾರು ಶಾಲೆಯಲ್ಲಿ ಉಳಿದರು, ಯಾರು ಬಿಟ್ಟರು ಎಂಬುದರಲ್ಲಿ. ಯಾಕೆ ಎಂದು ನಮ್ಮ ಅಂಕಿಗಳಿಗೆ ಗೊತ್ತಿಲ್ಲ. ಅದನ್ನೇ ಜನರ ಬಾಯಿಂದ ಕೇಳೋಣ ಎಂದು ಈ ಫಾರಂ.

ನಿನಗೆ ಇನ್ನೊಂದು ಮಾತು ಹೇಳಲಾ? ಅಲ್ಲಿ ನಾವು ಒಂದಕ್ಷರ ಕಲಿಯಲಿಲ್ಲ. ಮರಳು ತುಂಬಿದೆವು, ಮರಳು ಸುರಿದೆವು. ಬಕೆಟ್ಟಿಗೆ ಸರದಿ ನಿಂತೆವು. ಅರ್ಥವಾಗದಿದ್ದರೆ ಕೈ ಎತ್ತಿ ಕೇಳಿದೆವು. ನೀನು ಕಿಟಕಿಯಲ್ಲಿ ನಿಂತು ಏನೋ ದೊಡ್ಡ ವಿದ್ಯೆ ಹಂಚುತ್ತಿದ್ದಾರೆ ಎಂದುಕೊಂಡೆಯಲ್ಲ, ಅದು ಅಷ್ಟೇ. ಮಗ್ಗಿ ಕಲಿಸಿದವಳು ನೀನು. ಇಸ್ತ್ರಿ ಮೇಜಿನ ಕೆಳಗೆ, ಕರ್ಚೀಫಿನ ಲೆಕ್ಕದಲ್ಲಿ.

ಚಿಟಿಕೆ ಅಳುತ್ತಾಳಾ? ನಾನು ಮೂರು ವಾರ ಅತ್ತಿದ್ದೆನಂತೆ. ಫಾರಂ ತುಂಬು. ಬೇಕಾದರೆ ಹೊಲಿದು ಕಳಿಸು.

ನಿನ್ನ ಬಾಲ


ಜೂನ್ 24

ಬಾಲಂಗೋಚಿಗೆ,

ಚಿಟಿಕೆ ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮೊದಲ ದಿನವೇ ನನ್ನ ಕೈ ಬಿಡಿಸಿಕೊಂಡು ಒಳಗೆ ಓಡಿದಳು. ಹಿಂತಿರುಗಿ ನೋಡಲಿಲ್ಲ. ಐದನೇ ದಿನಕ್ಕೆ ಮನೆ ತುಂಬ ಟೀಚರ್ ಪುರಾಣ. ಟೀಚರ್ ಹೀಗೆ ಕೈ ತೊಳೀತಾರೆ, ಟೀಚರ್ ಹೀಗೆ ನಗ್ತಾರೆ, ಟೀಚರ್ ಚಪ್ಪಲಿ ನೀಲಿ. ನಾನು ಹತ್ತು ವರ್ಷದಿಂದ ನೀಲಿ ಚಪ್ಪಲಿಯನ್ನೇ ಹಾಕುತ್ತಿದ್ದೇನೆ, ಇವಳ ಕಣ್ಣಿಗೆ ಒಂದು ದಿನ ಬಿದ್ದಿಲ್ಲ.

ಎಂಟನೇ ದಿನ ಶಿಶುವಿಹಾರ ಮುಗಿಸಿಕೊಂಡು ಅಂಗಡಿಗೆ ಬಂದಳು. ನಾನು ಹಾಜರಿ ಪುಸ್ತಕಗಳಿಗೆ ಹಾಳೆ ಮಡಚುತ್ತಿದ್ದೆ. ಶಾಲೆ ತೆರೆಯುವ ತಿಂಗಳು, ಮುನ್ನೂರು ಪುಸ್ತಕದ ಕೆಲಸ ಮೇಜಿನ ಮೇಲಿತ್ತು. ಪಕ್ಕದಲ್ಲಿ ನಿಂತು ನೋಡಿದವಳು, "ಹಾಗಲ್ಲಮ್ಮಾ, ಮೂಲೆ ಮೂಲೆಗೆ ಮುತ್ತು ಕೊಡ್ಬೇಕು, ಆಮೇಲೆ ಬೆನ್ನು ಸವರ್ಬೇಕು. ನಿಂಗೆ ಬರಲ್ಲ. ಟೀಚರ್‌ಗೆ ಬರತ್ತೆ" ಎಂದಳು. ಇಪ್ಪತ್ಮೂರು ವರ್ಷದಿಂದ ಹಾಳೆ ಮಡಚಿ ಅನ್ನ ತಿನ್ನುತ್ತಿದ್ದೇನೆ! ಕಟಿಂಗ್ ಮೆಷಿನ್ನಿನ ಹಿಂದಿನಿಂದ ಅಂಗಡಿಯ ಯಜಮಾನರು, "ನೆಟ್ಟಗತ್ತಿಗೆ ಮೇಸ್ತ್ರಿ ಸಿಕ್ಕಿದ್ಲು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು.

ಒಂಬತ್ತನೇ ದಿನ, ಸಂಜೆ ಸ್ನಾನ ಮಾಡಿಸುತ್ತಿದ್ದೆ. ಕಣ್ಣಿಗೆ ಸೋಪು ಹೋಯಿತು. "ಟೀಚರ್, ಕಣ್ಣು!" ಎಂದು ಕೂಗಿದಳು. ನನ್ನನ್ನು. ಅವಳ ತಲೆ ತೊಳೆಯುತ್ತಿದ್ದ ನನ್ನನ್ನು.

ಹತ್ತನೇ ದಿನ, ಮಗುವಿಗೆ ಕೆಮ್ಮು ಎಂದು ಚೀಟಿ ಬರೆದು ಕಳಿಸಿದೆ. ಅವತ್ತಿನಿಂದ ಅವಳು ಅಂಗಡಿಯಲ್ಲಿ, ನನ್ನ ಮೇಜಿನ ಕೆಳಗೆ ಇದ್ದಾಳೆ. ರಟ್ಟಿನ ಚೂರು ಕೊಟ್ಟರೆ ಆಡಿಕೊಳ್ಳುತ್ತಾಳೆ. ಮನೆಯವರು ಬಸ್ಸಿನ ಡ್ಯೂಟಿ ಮುಗಿಸಿ ಬಂದು ಕೇಳಿದರು, "ಎಲ್ಲಿ ಕೆಮ್ಮು? ನಂಗೊಂದೂ ಕೇಳಿಸ್ಲಿಲ್ಲವಲ್ಲ?" ಕಂಡಕ್ಟರ್ ಕಿವಿ, ಚಿಲ್ಲರೆ ಬಿದ್ದರೆ ಮಾತ್ರ ಕೇಳಿಸುತ್ತದೆ ಎಂದೆ.

ಹೆತ್ತ ಮಗಳ ಮೇಲೂ, ಅವಳ ಟೀಚರ್ ಮೇಲೂ ಒಟ್ಟಿಗೆ ಹೊಟ್ಟೆಕಿಚ್ಚು ಪಡುವವಳನ್ನು ನೀನು ನೋಡಿಲ್ಲದಿದ್ದರೆ ಬಂದು ನನ್ನನ್ನು ನೋಡು. ನನಗೆ ಸಿಗದ ಮರಳು ಅವಳಿಗೆ ಸಿಕ್ಕಿತು ಎಂದು ಒಂದು ಉರಿ. ನನ್ನ ಮಗಳು ಇನ್ನೊಬ್ಬಳ ಮಾತು ಆಡುತ್ತಾಳೆ ಎಂದು ಇನ್ನೊಂದು ಉರಿ. ಯಾವುದು ಯಾವುದೆಂದು ನನಗೇ ತಿಳಿಯುವುದಿಲ್ಲ.

ನಿನ್ನ ಅಂಕಿಗಳಿಗೆ ಗೊತ್ತಿಲ್ಲದ್ದನ್ನು ನಾನು ಹೇಳುತ್ತೇನೆ, ಬರೆದುಕೋ. ಪರರ ಮನೆಗೆ ಹೋದಾಗ ಕುರ್ಚಿಯ ತುದಿಯಲ್ಲಿ ಕೂರುತ್ತೇವಲ್ಲ? ನೀರು ಬೇಕಿದ್ದರೂ ಕೇಳುವುದಿಲ್ಲ, ಸಾಕು ಎನ್ನುತ್ತೇವೆ. ಎಂಟು ವರ್ಷ ನಾನು ಶಾಲೆಯಲ್ಲಿ ಹಾಗೆ ಕೂತಿದ್ದೆ. ಲೆಕ್ಕ ಬರುತ್ತಿತ್ತು, ಕೈ ಎತ್ತುತ್ತಿರಲಿಲ್ಲ. ಅರ್ಥವಾಗದಿದ್ದಾಗಲೂ ಎತ್ತುತ್ತಿರಲಿಲ್ಲ. ನಿಮ್ಮ ಶಿಶುವಿಹಾರದ ಮಕ್ಕಳು ಬಂದ ದಿನದಿಂದಲೇ ಬೆಂಚಿನ ಮೇಲೆ ಕಾಲು ಚಾಚಿ, ತಮ್ಮ ಮನೆಯ ಹಾಗೆ ಕೂತರು. ಎಂಟನೇ ತರಗತಿಯಲ್ಲಿ ಬೀಜಗಣಿತ ಬಂತು. ಒಂದು ದಿನ ತಿಳಿಯಲಿಲ್ಲ, ಎರಡನೇ ದಿನ ತಿಳಿಯಲಿಲ್ಲ. ಕೇಳಲಿಲ್ಲ. ನೆಂಟರ ಮನೆಯಿಂದ ಎದ್ದು ಬರುವ ಹಾಗೆ ಎದ್ದು ಬಂದೆ. ಯಾರೂ ಬಿಡಿಸಲಿಲ್ಲ, ಯಾರೂ ಹೊಡೆಯಲಿಲ್ಲ. 'ಶಾಲೆ ಬಿಡಲು ಕಾರಣ' ಎಂಬ ನಿನ್ನ ಹದಿನಾಲ್ಕನೇ ಪ್ರಶ್ನೆಗೆ ನಾಲ್ಕು ಚೌಕ ಇವೆ. ಇದಕ್ಕೆ ಯಾವ ಚೌಕ?

ಅಕ್ಕ


ಜುಲೈ 2

ಅಕ್ಕಾ,

ನೀನು ಬರೆದ ಕುರ್ಚಿಯ ತುದಿಯ ಮಾತನ್ನು ನಮ್ಮ ಮೇಲಧಿಕಾರಿಗೆ ಓದಿ ಹೇಳಿದೆ. ಅವರು ಎರಡು ಸಲ ಓದಿಸಿಕೊಂಡರು.

ಆದರೆ ಉಳಿದದ್ದನ್ನು ಓದಿ ನನಗೆ ಸಿಟ್ಟು ಬಂದಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಕೆಮ್ಮು ಮಗುವಿಗಲ್ಲ, ನಿನಗೆ. ಕುರ್ಚಿಯ ತುದಿ ಎಷ್ಟು ಚುಚ್ಚುತ್ತದೆ ಎಂದು ಅಷ್ಟು ಚೆನ್ನಾಗಿ ಬಲ್ಲವಳು ಮಗಳನ್ನೂ ಅದೇ ತುದಿಗೆ ಕೂರಿಸಲು ಹೊರಟಿದ್ದೀಯಲ್ಲ? ನಾಳೆಯೇ ಕಳಿಸು. ನಿನ್ನ ಹೊಟ್ಟೆಯುರಿಗೆ ಆ ಕೂಸು ಯಾಕೆ ಮೇಜಿನ ಕೆಳಗೆ ಕೂರಬೇಕು?

ಬಾಲ


ಜುಲೈ 7

ಮಾನ್ಯರೇ,

ಮಕ್ಕಳಿಲ್ಲದವರಿಂದ ಮಕ್ಕಳ ವಿಷಯದಲ್ಲಿ ಬುದ್ಧಿ ಹೇಳಿಸಿಕೊಳ್ಳುವ ಯೋಗ ಬಂದಿತು. ಸಂತೋಷ. ಫಾರಂ ಇದರ ಜೊತೆ ಖಾಲಿ ವಾಪಸ್ ಕಳಿಸಿದ್ದೇನೆ. ಮೂರನೇ ಪುಟ ಕಿತ್ತು ಬಂದಿದ್ದರಿಂದ ಹೊಲಿದಿದ್ದೇನೆ. ಕೆಲಸದಲ್ಲಿ ಮಾತ್ರ ಕಳ್ಳತನ ಮಾಡುವವಳಲ್ಲ ನಾನು.

ವಿಭಾಗ ಖ


ಆಗಸ್ಟ್ 19

ಅಕ್ಕಾ,

ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ನಿನ್ನ ಕೊನೆಯ ಕಾಗದಕ್ಕೆ ಇದು ಉತ್ತರವಲ್ಲ. ಆ ಮಾತು ಚುಚ್ಚಿತು. ಚುಚ್ಚಲೆಂದೇ ಬರೆದದ್ದು, ಇರಲಿ. ಇದನ್ನು ಕೂತು ಓದು. ಅಂಗಡಿಯಲ್ಲಿ ಓದಬೇಡ.

ಸಮೀಕ್ಷೆಗೆಂದು ಹಳೆಯ ಹಾಜರಿ ಪುಸ್ತಕಗಳನ್ನು ಪುರಸಭೆಯ ಉಗ್ರಾಣದಿಂದ ತರಿಸಿದ್ದೆವು. ಶಿಶುವಿಹಾರದ ಮೊಟ್ಟಮೊದಲ ಪುಸ್ತಕ ಸಿಕ್ಕಿತು. ನೀಲಿ ಬಟ್ಟೆಯ ಬೆನ್ನು, ದಾರ ಪೂರ್ತಿ ಕಿತ್ತುಹೋಗಿದೆ. ನೀನು ನೋಡಿದ್ದರೆ ಹೊಲಿದವರ ಏಳು ತಲೆಮಾರನ್ನು ಬೈಯುತ್ತಿದ್ದೆ. ಮೊದಲ ಪುಟದಲ್ಲಿ ಕ್ರಮಸಂಖ್ಯೆ ಹದಿನೇಳು, ನಿನ್ನ ಹೆಸರು. ಪಕ್ಕದಲ್ಲಿ ಅಪ್ಪನ ಹೆಸರು, ನಮ್ಮ ಮನೆ ನಂಬರು. ಮೊದಲು ಬೇರೆ ಯಾರೋ ಇರಬೇಕು ಎಂದುಕೊಂಡೆ. ಆ ನಂಬರಿನ ಮನೆಯಲ್ಲಿ ಬೇರೆ ಯಾರಿದ್ದರು?

ನಿನ್ನ ಸಾಲಿನಲ್ಲಿ ಹನ್ನೊಂದು ಹಾಜರಿ ಇವೆ. ಹನ್ನೆರಡನೆಯ ಚೌಕದಿಂದ ಕೊನೆಯ ತನಕ ಕೆಂಪು ಶಾಯಿಯ ಗೆರೆ. ಅದರ ಮೇಲೆ, 'ತಾಯಿ ಬಿಡಿಸಿಕೊಂಡು ಹೋದರು.'

ಅಕ್ಕಾ, ನೀನು ಹೋಗಿದ್ದೆ.

ಆಗ ಅಲ್ಲಿ ಟೀಚರ್ ಆಗಿದ್ದವರು ಇನ್ನೂ ಇದ್ದಾರೆ. ಬಸ್ ನಿಲ್ದಾಣದ ಹಿಂದೆ ಅಣ್ಣನ ಮಗನ ಮನೆಯಲ್ಲಿ. ಕಣ್ಣು ಮಂಜು, ನೆನಪು ಮಾತ್ರ ಕನ್ನಡಿ. ಹೋಗಿ ಹದಿನೇಳನೇ ನಂಬರು ಎಂದೆ. ನಿನ್ನ ಹೆಸರನ್ನೂ ಹೇಳಿದೆ.

"ಇಸ್ತ್ರಿಯವರ ಮಗೂನಾ? ಕೆಂಪು ಬಕೆಟ್ಟಿನದಾ? ಕೈಯಿಂದ ಬಿಡ್ತಾನೇ ಇರ್ಲಿಲ್ಲ. ಅಂಗೈ ತುಂಬ ತಂತಿ ಗುರುತು."

ನಾನು ಕಿವಿ ಮುಟ್ಟಿಸಿದ ಕಥೆ ಹೇಳಿದೆ. ಅವರಿಗೆ ಅರ್ಥವೇ ಆಗಲಿಲ್ಲ. "ಕಿವಿ ಮುಟ್ಟಿಸೋದು ದೊಡ್ಡ ಶಾಲೆಯವರು. ನಾವು ಯಾವ ಮಗೂನೂ ಮುಟ್ಟಿಸ್ಲಿಲ್ಲಮ್ಮ. ಎಲ್ಲರಿಗೂ ಅಂದ್ಮೇಲೆ ಎಲ್ಲರಿಗೂ" ಎಂದರು. ಮತ್ತೆ ಯಾಕೆ ಬಿಡಿಸಿದರು ಎಂದು ಕೇಳಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಹನ್ನೊಂದನೇ ದಿನ ಸಾಯಂಕಾಲ ನಿಮ್ಮಮ್ಮ ಕರ್ಕೊಂಡು ಹೋಗೋಕೆ ಬಂದು ಬಾಗಿಲಲ್ಲಿ ನಿಂತಿದ್ರು. ಮಗು ಅವರನ್ನ ನೋಡ್ಲಿಲ್ಲ. ಬಕೆಟ್ ತುಂಬ ಮರಳು ಎತ್ಕೊಂಡು ಬಂದು ನನ್ನ ಕೈ ಜಗ್ಗಿ, 'ಅಮ್ಮಾ, ನೋಡಿಲ್ಲಿ' ಅಂತು. ನನ್ನನ್ನ. ಎಲ್ಲ ಮಕ್ಕಳೂ ಹಾಗೆ ಕರೀತಾರೆ ಕಣಮ್ಮ, ಬಾಯ್ತಪ್ಪಿ. ದಿನಕ್ಕೆ ಹತ್ತು ಸಲ. ನಿಮ್ಮಮ್ಮಂಗೆ ಅದು ಮೊದಲ ಮಗು, ಗೊತ್ತಾಗ್ಲಿಲ್ಲ. ಮುಖ ಕಪ್ಪಿಟ್ಟು ಹೋಯ್ತು. ಮಾರನೇ ದಿನ ಒಬ್ಬರೇ ಬಂದು, ಹೆಸರು ಹೊಡೆದು ಹಾಕಿ ಅಂದ್ರು. ಯಾಕಮ್ಮಾ ಅಂದ್ರೆ, 'ನನ್ ಮಗೂಗೆ ಒಬ್ಬಳೇ ಅಮ್ಮ' ಅಂದ್ರು."

ಮರುವರ್ಷ ನನ್ನನ್ನು ಸೇರಿಸಲು ಬಂದಾಗ ಅಮ್ಮ ತಲೆ ತಗ್ಗಿಸಿಕೊಂಡು ನಿಂತಿದ್ದಳಂತೆ. "ದೊಡ್ಡವಳ ವಿಷಯದಲ್ಲಿ ತಪ್ಪು ಮಾಡ್ಬಿಟ್ಟೆ ಟೀಚರ್. ಇವಳು ನಿಮ್ಮನ್ನ ಏನು ಬೇಕಾದ್ರೂ ಕರೀಲಿ" ಎಂದಳಂತೆ. ದೊಡ್ಡವಳಿಗೂ ಇನ್ನೂ ವಯಸ್ಸಿದೆ, ಕಳಿಸಿ ಎಂದು ಇವರು ಹೇಳಿದ್ದಕ್ಕೆ, "ಈಗ ಕಳಿಸಿದ್ರೆ, ಆಗ ಯಾಕೆ ಬಿಡಿಸ್ದೆ ಅಂತ ಕೇಳ್ತಾಳೆ. ಏನು ಹೇಳ್ಲಿ?" ಎಂದಳಂತೆ. ಹೇಳಲು ಏನೂ ಸಿಗದೆ ಆ ಕತ್ತಿನ ಕಥೆ ಕಟ್ಟಿರಬೇಕು.

ನಿನ್ನನ್ನು ಯಾವ ವಿಭಾಗದಲ್ಲಿ ಬರೆಯಬೇಕೆಂದು ಕಚೇರಿಯಲ್ಲಿ ಕೇಳಿದೆ. ಮೂವತ್ತು ದಿನಕ್ಕಿಂತ ಕಡಿಮೆ ಬಂದವರು ಬಾರದವರೆಂದೇ ಲೆಕ್ಕ ಎಂದರು.

ಈಗ ನನ್ನದು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಆ ಮನೆಯಿಂದ ಬಸ್ ನಿಲ್ದಾಣದ ತನಕ ನಡೆಯುವಾಗ ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಾಯಿತು. ಒಂದು ಸಲ ಬಾಯ್ತಪ್ಪಿ ಬೇರೆಯವರನ್ನು ಅಮ್ಮ ಎಂದಿದ್ದಕ್ಕೆ ನಿನ್ನನ್ನು ಬಾಚಿ ತಬ್ಬಿಕೊಂಡು ಓಡಿಹೋದಳು. ನಾನು ಎರಡು ವರ್ಷ ಟೀಚರನ್ನು ಅಮ್ಮ ಎಂದೇ ಕರೆದೆನಂತೆ. ನನ್ನನ್ನು ಯಾರೂ ವಾಪಸ್ ಕಿತ್ತುಕೊಳ್ಳಲಿಲ್ಲ.

ನಿನ್ನ ತಂಗಿ


ಆಗಸ್ಟ್ 28

ತಂಗೀ,

ಅಂಗಡಿಯಲ್ಲಿ ಓದಬೇಡ ಎಂದೆ, ಅಂಗಡಿಯಲ್ಲೇ ಓದಿದೆ. ಯಜಮಾನರು ಅಂಟಿನ ಡಬ್ಬಿ ತೆಗೆದು ಪಕ್ಕಕ್ಕಿಟ್ಟು, "ಇವತ್ತು ಮನೆಗೆ ಹೋಗಮ್ಮ" ಎಂದರು. ಹೋಗಲಿಲ್ಲ. ಮನೆಗೆ ಹೋಗಿ ಯಾರ ಹತ್ತಿರ ಜಗಳವಾಡಲಿ? ಸತ್ತವರು ಉತ್ತರ ಕೊಡುವುದಿಲ್ಲ.

ಮೂವತ್ತನಾಲ್ಕು ವರ್ಷ ನನ್ನ ಕತ್ತನ್ನು ನಾನೇ ಬೈದುಕೊಂಡೆ. ನಾಲ್ಕೂವರೆ ವರ್ಷದ ಕೂಸು ಜಾಣತನ ತೋರಿಸಲು ಹೋಗಿ ತನ್ನ ಓದಿಗೆ ತಾನೇ ಕಲ್ಲು ಹಾಕಿಕೊಂಡಿತು ಎಂದು ನಂಬಿದೆ. ಅವಳು ನಂಬಿಸಿದಳು. ಕೊನೆಯ ದಿನಗಳಲ್ಲಿ ಅವಳ ತಲೆ ಬಾಚುತ್ತಿದ್ದಾಗ, ಒಮ್ಮೆ ನನ್ನ ಕತ್ತಿನ ಮೇಲೆ ಕೈ ಇಟ್ಟು ಬಹಳ ಹೊತ್ತು ಹಾಗೇ ಇದ್ದಳು. ಏನಮ್ಮ ಎಂದರೆ ಏನಿಲ್ಲ ಎಂದಳು. ಆಗಲಾದರೂ ಹೇಳಬಹುದಿತ್ತು. ನನಗೆ ಅವಳ ಮೇಲೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಬೈಯಲು ಬಾಯಿ ತೆರೆದೆ. ಅಮ್ಮಾ, ನಿನ್ನ ಹೊಟ್ಟೆಕಿಚ್ಚಿಗೆ ನನ್ನನ್ನು ಮೇಜಿನ ಕೆಳಗೆ ಕೂರಿಸಿದೆಯಲ್ಲ ಎಂದು. ಅಷ್ಟರಲ್ಲಿ ನನ್ನ ಕಾಲಿಗೆ ಏನೋ ತಾಗಿತು. ಕೆಳಗೆ ಚಿಟಿಕೆ ಕೂತಿದ್ದಳು. ಕಾಗದದ ಚೂರುಗಳನ್ನು ಮೂಲೆಗೆ ಮೂಲೆ ಸೇರಿಸಿ, ಬೆನ್ನು ಸವರಿ, ಜೋಡಿಸಿ ಇಡುತ್ತಿದ್ದಳು. ಎರಡು ತಿಂಗಳಿಂದ ಅಲ್ಲೇ ಕೂತಿದ್ದಾಳೆ. ತೆರೆದ ಬಾಯಿಯನ್ನು ಮುಚ್ಚಿಕೊಂಡೆ.

ನಿನ್ನ ಹೊಟ್ಟೆಕಿಚ್ಚಿನ ಸಾಲನ್ನು ನಾಲ್ಕು ಸಲ ಓದಿದೆ. ಸುಳ್ಳು ಯಾಕೆ, ಖುಷಿಯಾಯಿತು. ಹುಟ್ಟಿದಾಗಿನಿಂದ ನಾನೊಬ್ಬಳೇ ಉರಿಯುತ್ತಿದ್ದೆ, ಈಗ ಜೊತೆ ಸಿಕ್ಕಿತು. ಆಮೇಲೆ ಪಾಪ ಅನ್ನಿಸಿತು. ಕಿತ್ತುಕೊಳ್ಳದಿದ್ದದ್ದೂ ಪ್ರೀತಿಯೇ ಕಣೇ. ಎರಡನೆಯ ಸಲ ಅದನ್ನು ಕಲಿತುಕೊಂಡು ಬಂದಳು, ಅಷ್ಟೆ. ಕಲಿಯಲು ಖರ್ಚಾದವಳು ನಾನು.

ಮಕ್ಕಳಿಲ್ಲದವರು ಎಂದು ಬರೆದದ್ದು ತಪ್ಪಾಯಿತು. ಆ ಕೈ ಮುರಿಯಲಿ.

ಅಕ್ಕ


ಸೆಪ್ಟೆಂಬರ್ 3

ಅಕ್ಕಾ,

ಕೈ ಮುರಿದರೆ ಹಾಳೆ ಮಡಚುವವರು ಯಾರು? ಬಿಡು. ಏನು ಮಾಡಬೇಕೆಂದು ಈ ಸಲ ನಾನು ಹೇಳುವುದಿಲ್ಲ. ಚಿಟಿಕೆಯ ಹಾಜರಿ ಒಂಬತ್ತಕ್ಕೆ ನಿಂತಿದೆ ಎಂಬುದನ್ನು ಮಾತ್ರ ನೆನಪಿಸುತ್ತೇನೆ. ಇನ್ನೊಂದು ಫಾರಂ ಇಟ್ಟಿದ್ದೇನೆ. ನಾನೇ ಹೊಲಿದದ್ದು, ನಗಬೇಡ.

ಬಾಲ


ಸೆಪ್ಟೆಂಬರ್ 10, ಬುಧವಾರ

ಬಾಲಂಗೋಚಿಗೆ,

ನಕ್ಕೆ. ಅದು ಪುಸ್ತಕದ ಹೊಲಿಗೆಯಲ್ಲ, ಗಾಯಕ್ಕೆ ಹಾಕಿದ ಹೊಲಿಗೆ. ಪೂರ್ತಿ ಬಿಚ್ಚಿ ಮತ್ತೆ ಹೊಲಿದೆ.

ಸೋಮವಾರ ಬೆಳಿಗ್ಗೆ ಚಿಟಿಕೆಯನ್ನು ಕರೆದುಕೊಂಡು ಹೋದೆ. ಇಷ್ಟು ದಿನ ಆದ ಮೇಲೆ ಸೇರಿಸಿಕೊಳ್ಳುವುದಿಲ್ಲ ಎಂದಿದ್ದರೆ ಟೀಚರ್ ಮೇಲೆ ತಪ್ಪು ಹೊರಿಸಿ ವಾಪಸ್ ಬರಬಹುದಿತ್ತು; ನಿಜ ಹೇಳುತ್ತೇನೆ, ಒಳಗೊಳಗೆ ಅದೇ ಆಸೆ ಇತ್ತು. ಅವರು ಹಾಜರಿ ಪುಸ್ತಕ ತೆರೆದರು. ನಾನು ಹೊಲಿದ ಪುಸ್ತಕವೇ. ಮಗಳ ಸಾಲು ಹಾಗೇ ಖಾಲಿ ಬಿಟ್ಟಿದ್ದರು. "ಹೆಸರು ಹೊಡೆದಿಲ್ಲ. ಕೆಮ್ಮು ಎಷ್ಟು ದಿನ ಇರತ್ತೆ? ಬರ್ತಾಳೆ ಅಂತ ಗೊತ್ತಿತ್ತು" ಎಂದರು. ಹತ್ತನೆಯ ಹಾಜರಿ ಹಾಕಿದರು. ಇಷ್ಟು ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ. ನಾನು ಕಷ್ಟಕ್ಕೆ ಅಂಜುವವಳಲ್ಲ.

ನಿನ್ನೆ ಹನ್ನೊಂದನೆಯ ದಿನ. ಸಂಜೆ ಸ್ವಲ್ಪ ಬೇಗ ಹೋಗಿ ಬಾಗಿಲಲ್ಲಿ ನಿಂತೆ. ಮರಳಿನ ಪೆಟ್ಟಿಗೆ ಅದೇ ಮೂಲೆಯಲ್ಲಿದೆ. ಬಕೆಟ್ ಈಗ ಹಳದಿ, ಪ್ಲಾಸ್ಟಿಕ್ ಹಿಡಿ. ಚಿಟಿಕೆ ಕಾಗದ ಮಡಚಿ ಏನೋ ಮಾಡಿದ್ದಳು, ದೋಣಿಯೋ ಟೋಪಿಯೋ. ಎತ್ತಿಕೊಂಡು ಓಡಿ ಬಂದಳು. ನನ್ನ ಕಡೆಗಲ್ಲ. ಟೀಚರ್ ಕೈ ಹಿಡಿದು ಜಗ್ಗಿ, "ಅಮ್ಮಾ, ನೋಡಿಲ್ಲಿ!" ಎಂದಳು.

ನೀನು ಬರೆಯದೆ ಇದ್ದಿದ್ದರೆ ಇವಳ ಹಾಜರಿಯೂ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಮುಖ ಕಪ್ಪಿಟ್ಟಿರಬೇಕು. ಟೀಚರ್ ನನ್ನನ್ನು ನೋಡಿ ಗಾಬರಿಯಾದರು. "ಬಾಯ್ತಪ್ಪಿ ಅಂತಾರೆ, ಎಲ್ಲ ಮಕ್ಕಳೂ..." ಎಂದು ಶುರು ಮಾಡಿದರು. "ಗೊತ್ತು ಟೀಚರ್. ನಾನೂ ಅಂದಿದ್ದೆ" ಎಂದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಅಮ್ಮನೂ ಅಲ್ಲೇ ನಿಂತಿರಬೇಕು. ಅವಳ ಪಕ್ಕ ಯಾರೂ ಇರಲಿಲ್ಲ, ಇದು ಹೀಗೇ ಕಣೇ ಎಂದು ಹೇಳಲು. ಅದೊಂದು ಕ್ಷಣ ನನಗೆ ಅವಳ ಮೇಲೆ ಸಿಟ್ಟಿರಲಿಲ್ಲ. ಮನೆಗೆ ಬರುವಷ್ಟರಲ್ಲಿ ಮತ್ತೆ ಬಂತು.

ಫಾರಂ ತುಂಬಿದ್ದೇನೆ. ಒಂಬತ್ತನೇ ಪ್ರಶ್ನೆ, 'ಶಿಶುವಿಹಾರಕ್ಕೆ ಹೋಗದಿರಲು ಕಾರಣ.' ಚೌಕಗಳನ್ನು ಬಿಟ್ಟು ಪಕ್ಕದಲ್ಲಿ ಬರೆದಿದ್ದೇನೆ: ಅಮ್ಮನಿಗೆ ನನ್ನ ಮೇಲೆ ಪ್ರಾಣ. ಇದನ್ನು ಯಾವ ಅಂಕಿಗೆ ಸೇರಿಸುತ್ತೀರೋ ಸೇರಿಸಿಕೊಳ್ಳಿ. ಮೂವತ್ತು ದಿನದ ನಿಯಮ ನಿಮ್ಮದು. ನಾನು ಹನ್ನೊಂದು ದಿನ ಹೋದವಳು, ಹಾಗೆಂದೇ ಬರೆದಿದ್ದೇನೆ.

ಇವತ್ತು ಬೆಳಿಗ್ಗೆ ಎದ್ದಾಗ ನಿಜವಾಗಿ ಸಣ್ಣಗೆ ಕೆಮ್ಮಿದಳು. ನಾನು ಅವಳ ಮುಖ ನೋಡಿದೆ, ಮನೆಯವರು ನನ್ನ ಮುಖ ನೋಡಿದರು. ಬಿಸಿನೀರು ಕುಡಿಸಿ, ಮುಖ ತೊಳೆದು ಕರೆದುಕೊಂಡು ಹೋದೆ. ದಾರಿಯಲ್ಲಿ, "ಅಮ್ಮಾ, ನೀನು ಚಿಕ್ಕವಳಿದ್ದಾಗ ಇಲ್ಲಿ ಬರ್ತಿದ್ಯಾ?" ಎಂದು ಕೇಳಿದಳು. "ಹೂಂ, ಬರ್ತಿದ್ದೆ" ಎಂದೆ. "ಬಕೆಟ್ ಸಿಗ್ತಿತ್ತಾ?" "ಸಿಗ್ತಿತ್ತು." ಗೇಟಿನ ಹತ್ತಿರ ಕೈ ಬಿಡಿಸಿಕೊಂಡು ಓಡಿದಳು. ಹಿಂತಿರುಗಿ ನೋಡಲಿಲ್ಲ. ನಾನು ಕಿಟಕಿಗೆ ಹೋಗಿ, ಕತ್ತು ವಾಲಿಸಿ, ಒಳಗೆ ನೋಡಿದೆ.

ಹೊಟ್ಟೆ ಇನ್ನೂ ಉರಿಯುತ್ತಿದೆ. ಹನ್ನೆರಡನೆಯ ಹಾಜರಿ ಬಿದ್ದಿತು.

ಇಂತಿ,
ಕ್ರಮಸಂಖ್ಯೆ ಹದಿನೇಳು